ನೂರಕ್ಕ ಒಂದು ಪ್ಯಾಕೆಟ್ ಬೀಳ್ಸಿದ್ರ ಸಾಕು

ನೆಟ್ ನ್ಯೂಟ್ರಾಲಿಟಿ ಅಂದ್ ಕೂಡ್ಲೆ ನಮ್ ಬಾಗಲಕೋಟಿ ಕಡೆ ಮಂದಿ ಎರಡು ಮಾತು ಹೇಳ್ತಾರ. ಒಂದು, ಅದು ಎಲ್ಲಾರಿಗೂ ಪುಕ್ಕಟ್ಟೆ ಇಂಟರ್ನೆಟ್ ಕೊಡೋ ಸ್ಕೀಮ್ ಅಂತ. ಇನ್ನೊಂದು, ಎಲ್ಲಾರಿಗೂ ಒಂದ ಸ್ಪೀಡ್ ಕೊಡಬೇಕು ಅನ್ನೋ ಕಾನೂನು, ಅದೆಲ್ಲಿ ಆಗ್ತೈತಿ ಬಿಡ್ರಿ ಅಂತ. ಎರಡೂ ಅಲ್ಲ. ನೀವು 200 ರೂಪಾಯಿದು ರಿಚಾರ್ಜ್ ಹಾಕಸ್ರಿ, ಸಾವಿರದ್ದು ಹಾಕಸ್ರಿ, ರೊಕ್ಕಕ್ಕ ತಕ್ಕ ಸ್ಪೀಡ್, ಅದಕ್ಕ ಯಾರ ತಕರಾರೂ ಇಲ್ಲ. ಆದ್ರ ರೊಕ್ಕ ಕೊಟ್ಟ ಮ್ಯಾಲೆ ನಾವು ಯಾರ ಸೈಟಿಗೆ ಹೋಗ್ತೀವಿ, ಯಾವ ಆ್ಯಪ್ ತೆಗೀತೀವಿ ಅನ್ನೋದ್ರಾಗ ಕಂಪನಿ ಕೈ ಹಾಕಬಾರದು, ಇಷ್ಟ ಅದರ ಅರ್ಥ. 2003ರಾಗ ಟಿಮ್ ವೂ ಅನ್ನೋ ಅಮೆರಿಕದ ಕಾನೂನು ಪ್ರೊಫೆಸರ್ ಇದಕ್ಕ ಈ ಹೆಸರು ಇಟ್ರು.

ನನಗ ಸಿಟ್ಟು ಬರೋದು ಮೂರನೇ ಮಾತಿಗೆ: "ಹಂಗೇನರ ಬ್ಲಾಕ್ ಮಾಡಿದ್ರ ನಮಗ ಗೊತ್ತಾಗಂಗಿಲ್ಲೇನ್ರಿ?" ಬ್ಲಾಕ್ ಮಾಡೋದು ದಡ್ಡರ ಕೆಲಸ. ಶಾಣ್ಯಾ ಆದವ ಸುಮ್ನ ಒಂದೀಟು ನಿಧಾನ ಮಾಡ್ತಾನ, ನಾವು ಮೋಡ ಆಗೈತಿ, ಟವರ್ ಸಿಗವಲ್ದು ಅಂತ ಫೋನ್ ಸ್ವಿಚ್ಚಾಫ್ ಮಾಡಿ ಆನ್ ಮಾಡಕೋತ ಕೂಡ್ತೀವಿ. ಇದು ಹೆಂಗ ಆಗ್ತೈತಿ ಅನ್ನೋದು ಭಾಳ ಮಜಾ ಐತಿ, ಅದನ್ನ ಹೇಳ್ಬೇಕಂತನ ಇದನ್ನ ಬರ್ಯಾಕ ಕುಂತೇನಿ.

ಒಂದು ನಿಮಿಷದ ಸಾದಾ ವಿಡಿಯೋ ಅಂದ್ರ ಸುಮಾರು 15 ಎಂಬಿ ಅಂತ ಹಿಡೀರಿ. ಅದು ಒಂದ ಮುದ್ದಿ ಆಗಿ ಬರಂಗಿಲ್ಲ, 1500 ಬೈಟಿನ ತುಂಡು ತುಂಡಾಗಿ ಬರ್ತೈತಿ, ಅಂದ್ರ ಹತ್ತು ಸಾವಿರ ಪ್ಯಾಕೆಟ್. ನಡುವಿರೋ ರೌಟರ್ ಪ್ರತಿ ಪ್ಯಾಕೆಟ್ಟಿನ ಮ್ಯಾಲಿನ ಅಡ್ರೆಸ್ ಅಷ್ಟ ಓದಿ ಮುಂದ ದಬ್ಬತೈತಿ. ರಶ್ ಆದ್ರ ಪಾಳಿ ಹಚ್ಚತೈತಿ, ಪಾಳಿಗೂ ಜಾಗ ಇಲ್ಲ ಅಂದ್ರ ಹೊಸಾ ಪ್ಯಾಕೆಟ್ ತೂರಿ ಒಗೀತೈತಿ. ಕಳಿಸಿದವಂಗ ಸಾಮಾನ್ಯವಾಗಿ ಹೇಳೋದೂ ಇಲ್ಲ! ಅಂವ ತಾನ ತಿಳ್ಕೋಬೇಕು.

1986ರ ಅಕ್ಟೋಬರ್‌ದಾಗ ಇದ ಕಾರಣಕ್ಕ ಇಂಟರ್ನೆಟ್ ಹೆಚ್ಚು ಕಡಿಮಿ ಕುಸದ ಬಿದ್ದಿತ್ತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬಿನಿಂದ ಬರ್ಕ್ಲಿ ಯೂನಿವರ್ಸಿಟಿ ಬರೇ 400 ಗಜ ದೂರ, ಅಷ್ಟರಾಗ ಸೆಕೆಂಡಿಗೆ 32 ಸಾವಿರ ಬಿಟ್ ಹೋಗ್ತಿದ್ದ ಡೇಟಾ 40 ಬಿಟ್‌ಗೆ ಇಳೀತು. ಸಾವಿರ ಅಲ್ಲ, ಬರೇ 40. ಕಳದ ಪ್ಯಾಕೆಟ್ ಎಲ್ಲಾರೂ ಮತ್ತ ಮತ್ತ ಕಳಿಸಿ ಗದ್ದಲ ಹೆಚ್ಚ ಮಾಡ್ತಿದ್ರು. ಆಗ ವ್ಯಾನ್ ಜೇಕಬ್ಸನ್ ಅನ್ನೋರು ಕುಂತು ವಿಚಾರ ಮಾಡಿ 1988ರಾಗ ಒಂದು ದಾರಿ ಬರದ ಕೊಟ್ರು: ಪ್ಯಾಕೆಟ್ ಕಳೀತು ಅಂದ್ರ ರಶ್ ಐತಿ ಅಂತ ತಿಳ್ಕೊಂಡು, ಕಳಿಸೋದನ್ನ ಅರ್ಧಕ್ಕರ್ಧ ಇಳಸ್ರಿ, ಆಮ್ಯಾಲೆ ಸಾವಕಾಶ ಏರಸ್ಕೋತ ಹೋಗ್ರಿ.

ಮುಧೋಳ, ಜಮಖಂಡಿ ಕಡೆ ಹಂಗಾಮಿನಾಗ ಸಕ್ಕರೆ ಫ್ಯಾಕ್ಟರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಪಾಳಿ ನೋಡೀರಲ್ಲ, ಅಲ್ಲೂ ಇದ ಲೆಕ್ಕ. ನಿಮ್ಮ ಗಾಡಿ ಕಾಟಾಕ್ಕ ಹೋಗಲಾರ್ದ ನಿಂತ್ರ ತೋಟದಾಗಿನ ಗ್ಯಾಂಗಿಗೆ ಫೋನ್ ಹಚ್ಚಿ "ಸದ್ಯ ಅರ್ಧಾ ಅಷ್ಟ ಕಡೀರಿ" ಅಂತೀರಿ, ಕಡದ ಕಬ್ಬು ಒಣಗಿ ತೂಕ ಕಳಕೋತೈತಿ ಅಂತ. ಮರುದಿನ ಪಾಳಿ ಸರದ್ರ ಇನ್ನೊಂದೀಟು ಹೆಚ್ಚ ಕಡಸ್ತೀರಿ. ಈಗ ಗೇಟಿನ್ಯಾಗ ನಿಂತಂವ ಒಬ್ಬ ರೈತನ ಗಾಡಿ ನೂರಕ್ಕ ಒಂದಷ್ಟ, ಸುಮ್ನ ಏನರ ನೆವಾ ಹೇಳಿ ಹೊಳ್ಳಿ ಕಳಿಸಿದ ಅನ್ರಿ. 99 ಒಳಗ ಹೋಗ್ಯಾವ, ಯಾರೂ ಅವಂಗ ಮೋಸಗಾರ ಅನ್ನಂಗಿಲ್ಲ. ಆದ್ರ ಆ ರೈತ ಹೆದರಿ ಮತ್ತ ಮತ್ತ ಕಟಾವು ಅರ್ಧಾ ಮಾಡ್ಕೋತ ಹೋಗ್ತಾನ. ಗೇಟಿನ್ಯಾಂವ ತಡದದ್ದು ಒಂದು ಗಾಡಿ, ಉಳದ ತಡೀ ಎಲ್ಲಾ ರೈತಾನ ತನಗ ತಾನ ಹಾಕ್ಕೊಂಡದ್ದು.

ಇದಕ್ಕ ಲೆಕ್ಕಾನೂ ಐತಿ. ಸಾದಾ ಟಿಸಿಪಿದಾಗ (ಪ್ಯಾಕೆಟ್ ಕಳಿಸೋ, ಕಳದದ್ದನ್ನ ಮತ್ತ ಕಳಿಸೋ ಪದ್ಧತಿಗೆ ಹಂಗಂತಾರ) ಸ್ಪೀಡ್ ಅನ್ನೋದು ಕಳದ ಪ್ಯಾಕೆಟ್ಟಿನ ಪ್ರಮಾಣದ ವರ್ಗಮೂಲಕ್ಕ ಉಲ್ಟಾ ಇರ್ತೈತಿ. ಹೋಗಿ ಬರಾಕ ಸೆಕೆಂಡಿನ ಹತ್ತನೇ ಭಾಗ ಹಿಡಿಯೋ ಸರ್ವರ್ ಇತ್ತಂದ್ರ, ನೂರಕ್ಕ ಒಂದು ಪ್ಯಾಕೆಟ್ ಕಳದ್ರ ಒಂದು ಕನೆಕ್ಷನ್ನಿಗೆ ಸುಮಾರು 1.4 ಎಂಬಿಪಿಎಸ್ ಸಿಗ್ತೈತಿ, ನಿಮ್ಮ ಮನಿ ಲೈನ್ 100 ಎಂಬಿಪಿಎಸ್ ಇದ್ರೂ ಸೈತ. ಹತ್ತು ಸಾವಿರಕ್ಕ ಒಂದಷ್ಟ ಕಳದ್ರ 14. ಈಗಿನ ಹೊಸಾ ತಂತ್ರಗಳು ಇದಕ್ಕಿಂತ ಗಟ್ಟಿ ಅದಾವ, ಖರೆ, ಆದ್ರ ಬೇಕಂತನ ಒಂದು ಮಿತಿ ಹಾಕಿ ಅದರ ಮ್ಯಾಲಿನದೆಲ್ಲಾ ಬೀಳಸ್ಕೋತ ಕುಂತ್ರ ಅವು ತಾನ ಏನ್ ಮಾಡ್ತಾವ?

ಯಾರ ಪ್ಯಾಕೆಟ್ ಅಂತ ಕಂಪನಿಗೆ ಹೆಂಗ ಗೊತ್ತಾಗ್ತೈತಿ ಅಂದ್ರ, ಒಳಗಿನ ಮಾತು ಲಾಕ್ ಆಗಿದ್ರೂ ಕನೆಕ್ಷನ್ ಶುರುವಾಗೋ ಮುಂದ ಸೈಟಿನ ಹೆಸರು ಸಾಮಾನ್ಯವಾಗಿ ಬಯಲಾಗ ಹೋಗಿರ್ತೈತಿ. ಅಷ್ಟು ಸಾಕು.

ಇದೆಲ್ಲಾ ಕಲ್ಪನಾ ಅಲ್ಲ ಮತ್ತ. 2007ರಾಗ ಅಮೆರಿಕದ ಕಾಮ್‌ಕಾಸ್ಟ್ ಅನ್ನೋ ಇಂಟರ್ನೆಟ್ ಕಂಪನಿ, ಮಂದಿ ತಮ್ಮತಮ್ಮೊಳಗ ಫೈಲ್ ಹಂಚ್ಕೊಳ್ಳೋ ಬಿಟ್‌ಟೊರೆಂಟ್ ಬಳಸೋರ ನಡುವ ಹೊಕ್ಕು, ಒಬ್ಬವಂಗ ಇನ್ನೊಬ್ಬನ ಹೆಸರಿನ್ಯಾಗ "ಕನೆಕ್ಷನ್ ಮುಗೀತು" ಅನ್ನೋ ಖೊಟ್ಟಿ ಪ್ಯಾಕೆಟ್ ಕಳಿಸ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಪತ್ರಕರ್ತರು ಅದನ್ನ ಟೆಸ್ಟ್ ಮಾಡಿ ಹಿಡದ್ರು, ಟೆಸ್ಟಿಗೆ ಕಳಿಸಿದ ಫೈಲ್ ಬೈಬಲ್. ಕಾಪಿರೈಟ್ ಕಳ್ಳತನ ಅಂತ ಯಾರೂ ಬೆರಳು ತೋರಸಬಾರದು ನೋಡ್ರಿ! ಇನ್ನೂ ಹಿಂದ ಹೋದ್ರ 1891ರಾಗ ತಾನಾಗೇ ಫೋನ್ ಜೋಡಸೋ ಎಕ್ಸ್‌ಚೇಂಜಿಗೆ ಪೇಟೆಂಟ್ ತಗೊಂಡ ಆಲ್ಮನ್ ಸ್ಟ್ರೌಜರ್ ಎಂಜಿನಿಯರ್ ಅಲ್ಲ, ಕ್ಯಾನ್ಸಸ್ ಸಿಟಿಯೊಳಗ ಹೆಣದ ಸಂಸ್ಕಾರ ಮಾಡಸೋ ವ್ಯಾಪಾರದಂವ. ಊರಿನ ಟೆಲಿಫೋನ್ ಆಪರೇಟರ್ ತನ್ನ ಗಿರಾಕಿ ಕಾಲ್ ಎಲ್ಲಾ ಪೈಪೋಟಿದಾರನ ಕಡೆ ತಿರುಗಸ್ತಾರ ಅನ್ನೋ ಅನುಮಾನಕ್ಕ ಆಪರೇಟರನ್ನ ತಗದ ಹಾಕೋ ಮಷಿನ್ ಮಾಡಿದ ಅಂತ ಕತಿ ಐತಿ.

ನಮ್ ದೇಶದಾಗ ಜಗಳ ಉಲ್ಟಾ ಕಡಿಂದ ಬಂತು, ನಿಧಾನ ಮಾಡೋದಲ್ಲ, ಫ್ರೀ ಕೊಡೋದು. 2015ರಾಗ ಫೇಸ್‌ಬುಕ್ ಬಡವ್ರಿಗೆ ಅಂತ ಫ್ರೀ ಬೇಸಿಕ್ಸ್ ತಂತು. ಡೇಟಾ ಪುಕ್ಕಟ್ಟೆ, ಆದ್ರ ಅವರು ಹೇಳಿದ ಕಂಡೀಷನ್ನಿಗೆ ಒಗ್ಗೋ ಸೈಟ್ ಅಷ್ಟ, ವಿಡಿಯೋ ಇರಬಾರದು, ದೊಡ್ಡ ಫೋಟೋ ಇರಬಾರದು. ಗುಳೇದಗುಡ್ಡದಾಗ ಖಣ ನೇಯೋ ಮನ್ಯಾಗಿನ ಹುಡುಗಿ ತನ್ನ ಸೈಟ್ ಮಾಡಿದ್ರ ಬಣ್ಣಾ, ನೇಯ್ಗಿ ಛಂದ ಕಾಣೋ ಫೋಟೋ ಹಾಕಲಾರ್ದ ಏನ್ ಮಾರ್ಬೇಕು? ಅದ ವರ್ಷ ಸೇವ್ ದಿ ಇಂಟರ್ನೆಟ್ ಅಂತ ಚಳವಳಿ ಎದ್ದು ಟೆಲಿಕಾಂ ಕಂಪನಿಗಳ ಮ್ಯಾಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿ 8ಕ್ಕ ಟ್ರಾಯ್ ಹೇಳೇಬಿಡ್ತು: ಯಾವ ಸೈಟ್ ನೋಡ್ತೀರಿ ಅನ್ನೋದರ ಮ್ಯಾಲೆ ಬ್ಯಾರೆ ಬ್ಯಾರೆ ರೇಟ್ ಹಾಕಂಗಿಲ್ಲ, ಹಾಕಿದ್ರ ದಿನಕ್ಕ 50 ಸಾವಿರ ದಂಡ, ಒಟ್ಟು 50 ಲಕ್ಷದ ತನಕ. 2018ರಾಗ ಬ್ಲಾಕ್ ಮಾಡೋದು, ನಿಧಾನ ಮಾಡೋದು ಎರಡೂ ಬಂದ್. ದೊಡ್ಡ ಕಂಪನಿಗೆ ದಂಡದ ಆ ರೊಕ್ಕ ಚಾ ಕುಡದ ಖರ್ಚು, ಆದ್ರೂ ಗೆರಿ ಹಾಕಿದ್ದು ದೊಡ್ಡ ಕೆಲಸ ಅಂತೀನಿ ನಾ.

ಪೂರಾ ಸಮಾನ ಆತು ಅಂತಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸಿನವರು ತಮ್ಮ ಸರ್ವರನ್ನ ಟೆಲಿಕಾಂ ಕಂಪನಿ ಒಳಗ ತಂದು ಇಡ್ತಾರ, ಹಾದಿ ಸಣ್ಣದಾತು, ವಿಡಿಯೋ ಜಲ್ದಿ ಬಂತು. ಟ್ರಾಯ್ ಅದನ್ನ ನಿಯಮದ ಹೊರಗ ಇಟ್ಟೈತಿ. ರೊಕ್ಕ ಇದ್ದಂವ ರೌಟರಿಗೆ ಲಂಚ ಕೊಡೋದು ಬ್ಯಾಡ, ಬಾಜೂ ಮನಿನ ಕೊಂಡ್ರ ಆತು. ಇನ್ನ ಟೆಲಿಕಾಂದವರು ಈಗ ದೊಡ್ಡ ಸೈಟ್‌ಗಳು ನಮ್ಮ ನೆಟ್‌ವರ್ಕಿಗೆ ಪಾಲು ಕೊಡ್ಲಿ ಅಂತ ಗಂಟ ಬಿದ್ದಾರ. ದಕ್ಷಿಣ ಕೊರಿಯಾದಾಗ ಅಂಥಾದ್ದ ಪದ್ಧತಿ ಐತಿ, ಆ ಫೀ ಭಾರ ಆತು ಅಂತ ಲೈವ್ ವಿಡಿಯೋ ತೋರಸೋ ಸೈಟ್ ಟ್ವಿಚ್ 2024ರ ಫೆಬ್ರವರಿದಾಗ ಅಲ್ಲಿಂದ ಗಂಟು ಕಟಗೊಂಡು ಹೋತು.

ನಿಮಗ ಅನುಮಾನ ಬಂದ್ರ ನೋಡಾಕ ಒಂದು ದಾರಿ ಐತಿ. ಸಾದಾ ಸ್ಪೀಡ್ ಟೆಸ್ಟ್ ನಂಬಬ್ಯಾಡ್ರಿ, ಕಂಪನಿಗೆ ಅದು ಟೆಸ್ಟ್ ಅಂತ ಗೊತ್ತಿರ್ತೈತಿ. ಫಾಸ್ಟ್ ಡಾಟ್ ಕಾಮ್ ಅಂತ ನೆಟ್‌ಫ್ಲಿಕ್ಸಿನವರು 2016ರಾಗ ಮಾಡಿದ್ದು ಐತಿ, ಅದು ಅವರ ವಿಡಿಯೋ ಸರ್ವರಿಂದನ ಅಳೀತೈತಿ, ಅಲ್ಲಿ ಟೆಸ್ಟ್ ಜೋರ ಮಾಡಿದ್ರ ನೆಟ್‌ಫ್ಲಿಕ್ಸೂ ಜೋರ ಆಗ್ಬೇಕು. ಅದಕ್ಕಿಂತ ಹುಷಾರಿ ಆ್ಯಪ್ ಅಂದ್ರ ವೀಹಿ, ಅಮೆರಿಕದ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿದವರದು. ಒಂದ ಡೇಟಾ ಎರಡು ಸಲ ತರಸ್ತೈತಿ, ಒಮ್ಮೆ ಇಂಥಾ ಆ್ಯಪಿಂದು ಅಂತ ಗುರ್ತು ಹತ್ತೋ ಹಂಗ, ಇನ್ನೊಮ್ಮೆ ಯಾರದಂತ ಗುರ್ತ ಸಿಗಲಾರ್ದಂಗ ಕಲಸಿ. ಮತ್ತ ಮತ್ತ ಮಾಡಿದಾಗೂ ಗುರ್ತು ಸಿಕ್ಕದ್ದ ನಿಧಾನ ಬಂತಂದ್ರ ತಪ್ಪು ಮೋಡದ್ದಲ್ಲ.