ಮಾತಾಡುವ ಶಕ್ತಿ ಇರುವಾಗಲೇ ಗುರುಗಳನ್ನು ಕರೆಯಿರಿ

ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ವಿಷಯ ಏನಿರಬಹುದೆಂದು ಕ್ಯಾಥೊಲಿಕ್ ಧರ್ಮಕೇಂದ್ರದ (ಚರ್ಚಿನ) ಗುರುಗಳಾದ ನಮಗೆ ಯಾರೂ ಹೇಳಬೇಕಿಲ್ಲ. ತೈಲದ ಡಬ್ಬಿ ಜೇಬಿಗೆ ಹಾಕಿಕೊಂಡು ಹೊರಡುತ್ತೇವೆ. ಒಮ್ಮೆ ಹೀಗೇ ಆಸ್ಪತ್ರೆಗೆ ಹೋದಾಗ ಐಸಿಯು ಬಾಗಿಲಲ್ಲಿ ಮಗ ನಿಂತಿದ್ದ. ತಂದೆಗೆ ಎಚ್ಚರ ತಪ್ಪಿ ಎರಡು ದಿನವಾಗಿತ್ತು. "ಮೊದ್ಲೇ ಕರೆದಿದ್ರೆ ಅಪ್ಪ ತಾನಿನ್ನು ಉಳಿಯಲ್ಲ ಅಂದ್ಕೊಂಡು ಹೆದರಿಬಿಡ್ತಿದ್ರು ಫಾದರ್, ಅದಕ್ಕೇ ಕರೀಲಿಲ್ಲ" ಅಂದ. ಪ್ರೀತಿಯಿಂದಲೇ ಹಾಗೆ ಮಾಡಿದ್ದ. ಆದರೆ ಅದಕ್ಕೂ ಮುಂಚೆ ಮೂರು ವಾರ ಆ ತಂದೆ ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದರು. ಪಾಪನಿವೇದನೆ ಮಾಡಬಹುದಿತ್ತು, ಪರಮಪ್ರಸಾದ, ಅಂದರೆ ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿ, ಸ್ವೀಕರಿಸಬಹುದಿತ್ತು, ಮನಸ್ಸಿನ ಭಯವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಿತ್ತು. ನಾನು ಅಭ್ಯಂಗ ಮಾಡಿದೆ, ಅಂದರೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸಿದೆ. ಪ್ರಜ್ಞೆ ಇದ್ದಾಗ ಅವರು ಇದನ್ನು ಬಯಸುತ್ತಿದ್ದರು ಎಂದು ನಂಬಲು ಕಾರಣವಿದ್ದರೆ ಸಾಕು, ಧರ್ಮಸಭೆ ಅನುಮತಿಸುತ್ತದೆ. ಆದರೂ ಮನಸ್ಸು ಭಾರವಾಯಿತು.

ಗುರು ಬಂದರೆ ಸಾವು ಬಂತು ಎಂಬ ಈ ಭಯಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಬೈಬಲಿನ ಯಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿ ಇರುವುದು ಸರಳ ಮಾತು: ಅಸ್ವಸ್ಥರಾದವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಸಾಯುತ್ತಿರುವವರು ಎಂದು ಅಲ್ಲಿಲ್ಲ. 416ರಲ್ಲಿ ಒಂದನೆಯ ಇನ್ನೊಸೆಂಟ್ ಪೋಪ್ ಬರೆದ ಪತ್ರದ ಪ್ರಕಾರ, ಬಿಷಪ್ ಆಶೀರ್ವದಿಸಿದ ಎಣ್ಣೆಯನ್ನು ಸಾಮಾನ್ಯ ವಿಶ್ವಾಸಿಗಳೂ ತಮ್ಮ ಮತ್ತು ಮನೆಯವರ ಕಾಯಿಲೆಗೆ ಬಳಸುತ್ತಿದ್ದರು. ಮಧ್ಯಯುಗದಲ್ಲಿ ಪಾಪಕ್ಷಮೆಯ ಕಡೆಗೆ ಒತ್ತು ಹೆಚ್ಚುತ್ತಾ ಹೋಗಿ ಇದು ಸಾವಿನ ಹಾಸಿಗೆಗೆ ಸರಿಯಿತು, ಹೆಸರೂ 'ಅಂತಿಮ ಅಭ್ಯಂಗ' ಎಂದಾಯಿತು. ಜಗತ್ತಿನ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ತಿದ್ದಿತು. 'ರೋಗಿಗಳ ಅಭ್ಯಂಗ' ಎನ್ನುವುದೇ ಹೆಚ್ಚು ಸೂಕ್ತ, ಇದು ಕೊನೆಯುಸಿರು ಎಳೆಯುತ್ತಿರುವವರಿಗೆ ಮಾತ್ರ ಮೀಸಲಲ್ಲ ಎಂದಿತು. ಆರನೆಯ ಪೌಲ್ ಪೋಪ್ 1972ರಲ್ಲಿ ಹೊಸ ವಿಧಿಯನ್ನೇ ಕೊಟ್ಟರು. ಅರ್ಧ ಶತಮಾನ ಕಳೆದರೂ ನಮ್ಮ ಮನೆಗಳಲ್ಲಿ ಹಳೆಯ ಹೆಸರಿನ ಹೆದರಿಕೆ ಹೋಗಿಲ್ಲ.

ಕನ್ನಡದಲ್ಲಿ ಇದಕ್ಕೆ 'ಅಭ್ಯಂಗ' ಎಂಬ ಪದ ಸಿಕ್ಕಿರುವುದು ನನಗೆ ತುಂಬ ಇಷ್ಟ. ಹಬ್ಬದ ಬೆಳಿಗ್ಗೆ ಅಮ್ಮ ನೆತ್ತಿಗೆ ಎಣ್ಣೆ ತಟ್ಟುವುದು, ಅಜ್ಜಿ ಹಸುಗೂಸಿನ ಮೈಗೆ ಎಣ್ಣೆ ತಿಕ್ಕುವುದು, ಎಲ್ಲವೂ ಆ ಪದದಲ್ಲಿವೆ. ಕಣ್ಣಿಗೆ ಕಾಣುವ ಗುರುತಿನ ಮೂಲಕ ಕಾಣದ ದೈವಕೃಪೆ ದೊರೆಯುವುದೇ ಸಂಸ್ಕಾರ ಎಂದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿರುತ್ತೇವೆ. ದೀಕ್ಷಾಸ್ನಾನಕ್ಕೆ ನೀರು, ದೃಢೀಕರಣಕ್ಕೆ ಸುಗಂಧ ತೈಲ, ಬಲಿಪೂಜೆಗೆ ರೊಟ್ಟಿ ಮತ್ತು ದ್ರಾಕ್ಷಾರಸ. ಪಾಪನಿವೇದನೆಯಲ್ಲೂ ಮದುವೆಯಲ್ಲೂ ಬಾಯಿಬಿಟ್ಟು ಆಡುವ ಮಾತು. ಗುರುದೀಕ್ಷೆಯಲ್ಲಿ ತಲೆಯ ಮೇಲಿಡುವ ಕೈ. ದೇವರು ನಮ್ಮನ್ನು ಮೈಯ ಮೂಲಕವೇ ಮುಟ್ಟುತ್ತಾರೆ. ಕಾಯಿಲೆ ಬಿದ್ದವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಸೂಜಿ ಚುಚ್ಚಲು, ಬಿಪಿ ನೋಡಲು ಮಾತ್ರ ಯಾರಾದರೂ ಅವರನ್ನು ಮುಟ್ಟುತ್ತಿರುತ್ತಾರೆ.

ಹೃದಯದ ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಒಬ್ಬ ತಾಯಿ ತಾವಾಗಿಯೇ ಹೇಳಿಕಳಿಸಿದ್ದರು. ಮೊದಲು ಮಾತಿಲ್ಲದೆ ಅವರ ತಲೆಯ ಮೇಲೆ ಕೈಯಿಟ್ಟೆ. ಬಹಳ ಜನ ಅಳುವುದು ಆ ಮೌನದಲ್ಲೇ. ಡಬ್ಬಿ ಹೆಬ್ಬೆರಳಷ್ಟು ದೊಡ್ಡದು, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಹಣೆಗೆ ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರ ಅನುಗ್ರಹದಿಂದ ಪ್ರಭು ನೆರವಾಗಲಿ ಎಂದು ಪ್ರಾರ್ಥಿಸಿದೆ. ಆಮೇಲೆ ಅಂಗೈಗಳಿಗೆ ಹಚ್ಚಿ, ಪಾಪದಿಂದ ಬಿಡಿಸುವ ಪ್ರಭು ನಿಮ್ಮನ್ನು ರಕ್ಷಿಸಿ ಎಬ್ಬಿಸಲಿ ಎಂದೆ. ಹೊಲದ ಕೆಲಸದಿಂದ ಒರಟಾಗಿದ್ದ ಕೈಗಳು. ನಾನು ಮುಗಿಸುವ ಮುಂಚೆಯೇ "ಆಮೆನ್" ಅಂದು ಎರಡೂ ಮುಷ್ಟಿ ಬಿಗಿ ಹಿಡಿದುಕೊಂಡರು. "ಈಗ ಧೈರ್ಯ ಬಂತು ಫಾದರ್, ನಾಳೆ ನೋಡ್ಕೋತೀನಿ" ಅಂದರು. ಈ ಸಂಸ್ಕಾರ ಕೊಡುವುದು ಮುಖ್ಯವಾಗಿ ಇದನ್ನೇ: ಧೈರ್ಯ, ಸಮಾಧಾನ, ಯೇಸುವಿನ ಯಾತನೆಯೊಂದಿಗೆ ನಮ್ಮ ನೋವೂ ಸೇರಿದೆ ಎಂಬ ಭರವಸೆ. ಆತ್ಮಕ್ಕೆ ಒಳಿತಾಗುವುದಾದರೆ ದೇಹವೂ ಗುಣವಾಗಲಿ ಎಂದು ಬೇಡುತ್ತೇವೆ. ಔಷಧಿಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ವೈದ್ಯರ ಕೈಯಲ್ಲೂ ದೇವರೇ ಕೆಲಸ ಮಾಡುತ್ತಿದ್ದಾರೆ.

ನೆಗಡಿ ಜ್ವರಕ್ಕೆ ಇದು ಬೇಕಿಲ್ಲ. ಗಂಭೀರ ಕಾಯಿಲೆ, ಅದಕ್ಕಾಗಿ ಆಗುವ ಆಪರೇಷನ್, ವಯಸ್ಸಾಗಿ ತೀರಾ ನಿತ್ರಾಣ, ಇವುಗಳಲ್ಲಿ ಯಾವುದಿದ್ದರೂ ಕೇಳಿ ಪಡೆಯಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ತೀರಿಕೊಂಡವರಿಗೆ ಅಭ್ಯಂಗ ಇಲ್ಲ, ಅವರಿಗಾಗಿ ಪ್ರಾರ್ಥಿಸುತ್ತೇವೆ. ಜೀವ ಇದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಕೊಡುತ್ತೇವೆ.

ಹಾಗಾದರೆ ಸಾಯುವವರಿಗೆ ಏನು? ಪರಮಪ್ರಸಾದ. ಕೊನೆಯ ಸಲ ಸ್ವೀಕರಿಸುವ ಪರಮಪ್ರಸಾದಕ್ಕೆ ಲ್ಯಾಟಿನ್‌ನಲ್ಲಿ 'ವಿಯಾಟಿಕುಮ್' ಎನ್ನುತ್ತಾರೆ, ಅಂದರೆ ದಾರಿಬುತ್ತಿ. ಅದನ್ನು ನುಂಗಲು ಎಚ್ಚರವಿರಬೇಕು, ಗಂಟಲಲ್ಲಿ ಶಕ್ತಿಯಿರಬೇಕು. ಬೇಗ ಕರೆಯಿರಿ ಎಂದು ನಾನು ಇಷ್ಟು ಹೇಳುತ್ತಿರುವುದು ಅದಕ್ಕೂ ಹೌದು.

ಮನೆಗೆ ಕರೆಯುವುದಾದರೆ ಹಾಸಿಗೆಯ ಪಕ್ಕ ಒಂದು ಚಿಕ್ಕ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಇಟ್ಟಿರಿ. ಆಕ್ಸಿಜನ್ ಹಾಕಿದ್ದರೆ ಬತ್ತಿ ಹಚ್ಚಬೇಡಿ. ಮಕ್ಕಳನ್ನು ಹೊರಗೆ ಕಳಿಸಬೇಡಿ, ಅಜ್ಜನ ಹಣೆಗೆ ಎಣ್ಣೆ ಹಚ್ಚುವುದನ್ನು ಅವರೂ ನೋಡಲಿ. ಪಾಪನಿವೇದನೆಯ ಹೊತ್ತಿಗೆ ಮಾತ್ರ ಎಲ್ಲರೂ ಐದು ನಿಮಿಷ ಆಚೆ ಹೋಗಿ, ಮತ್ತೆ ಒಳಗೆ ಬನ್ನಿ.