ಕಡಲಕಳೆ ತನಗಾಗಿ ಮಾಡಿಕೊಂಡ ಮದ್ದು

ಇಳಿತದ ಹೊತ್ತಿಗೆ ಬಂಡೆಯ ಮೇಲೆ ಬಿಸಿಲಿಗೆ ಬೀಳಬೇಕು, ಅಲೆ ಬಡಿದರೆ ಹರಿಯದೆ ಬಾಗಬೇಕು, ಮೇಯಲು ಬರುವ ಶಂಖದಹುಳುಗಳನ್ನೂ ಮೈಗಂಟಲು ಬರುವ ಬ್ಯಾಕ್ಟೀರಿಯಾಗಳನ್ನೂ ನಿಂತಲ್ಲೇ ಎದುರಿಸಬೇಕು. ಕಡಲಕಳೆಯ ಬದುಕು ಇಷ್ಟು ಕಠಿಣ. ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಅದರಲ್ಲಿ ಹುಡುಕುವ ರಾಸಾಯನಿಕಗಳಲ್ಲಿ ಹಲವು ಈ ಪಾಡಿನಿಂದಲೇ ಹುಟ್ಟಿದವು. ಕಂದು ಕಡಲಕಳೆಯ ಫ್ಲೋರೋಟ್ಯಾನಿನ್‌ಗಳು ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತವೆ, ಮೇಯುವ ಬಾಯಿಗೂ ರುಚಿಸುವುದಿಲ್ಲ. ಕೆಲ್ಪ್ ಎಂಬ ದೊಡ್ಡ ಕಡಲಕಳೆ ಆಕ್ಸಿಡೀಕರಣದ ಹಾನಿ ತಡೆಯಲು ಅಯೋಡಿನ್‌ನ ಒಂದು ರೂಪವಾದ ಅಯೋಡೈಡನ್ನು ಕೂಡಿಟ್ಟುಕೊಳ್ಳುತ್ತದೆ.

1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಕಡಲಕಳೆಯ ಬೂದಿಗೆ ಗಂಧಕಾಮ್ಲ ಬೆರೆಸಿದಾಗ ನೇರಳೆ ಬಣ್ಣದ ಆವಿ ಎದ್ದಿತು. ಅಯೋಡಿನ್ ಸಿಕ್ಕಿದ್ದು ಹಾಗೆ. ವಯಸ್ಕರ ಥೈರಾಯ್ಡ್ ಗ್ರಂಥಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ ಸಾಕು. ಜಪಾನೀ ಅಡುಗೆಯ ‘ಕೊಂಬು’ ಎಂಬ ಒಣಗಿದ ಕೆಲ್ಪ್‌ನ ಒಂದೇ ಗ್ರಾಮಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಹುದು. ಅತಿಯಾದರೆ ಅದೇ ಗ್ರಂಥಿ ಹದಗೆಡಬಹುದು. ಕೆಲ್ಪ್ ಮಾತ್ರೆ ಮಾರುವವರು ಈ ಲೆಕ್ಕವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಿತ್ತು.

ನನ್ನ ಮಟ್ಟಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆಲ್ಜಿನೇಟ್. ಕಂದು ಕಡಲಕಳೆಯ ಕೋಶಭಿತ್ತಿಗೆ ಬಳುಕುವ ಗುಣ ಕೊಡುವ ಈ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ, ಜಠರದ ಆಮ್ಲ ತಾಗಿದೊಡನೆ ಲೋಳೆಯಾಗುತ್ತದೆ. ಜೊತೆಗೆ ಬೈಕಾರ್ಬನೇಟ್ ಇದ್ದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಆ ಲೋಳೆಯನ್ನು ತೆಪ್ಪದಂತೆ ತೇಲಿಸಿ, ಆಮ್ಲ ಅನ್ನನಾಳಕ್ಕೆ ಏರದಂತೆ ತಡೆಯುತ್ತವೆ. ಗಾಯದ ಪಟ್ಟಿಯಲ್ಲಿ ಕ್ಯಾಲ್ಸಿಯಂ ಆಲ್ಜಿನೇಟ್ ಗಾಯದ ಸ್ರಾವದಲ್ಲಿರುವ ಸೋಡಿಯಂ ಪಡೆದು ಕ್ಯಾಲ್ಸಿಯಂ ಬಿಟ್ಟುಕೊಟ್ಟು ಮೆತ್ತನೆಯ ಜೆಲ್ ಆಗುತ್ತದೆ. ಎರಡು ಕಡೆಯೂ ಅದು ರಕ್ತಕ್ಕೆ ಸೇರಬೇಕಾಗಿಯೇ ಇಲ್ಲ.

ಕಂದು ಕಡಲಕಳೆಯದೇ ಇನ್ನೊಂದು ಪಾಲಿಸ್ಯಾಕರೈಡ್ ಆದ ಫ್ಯೂಕಾಯ್ಡನ್‌ನ ತೊಡಕು ಇಲ್ಲೇ. ಗಂಧಕ ಹೊತ್ತ ಈ ಅಣುವನ್ನು 1913ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಹರಾಲ್ಡ್ ಕೈಲಿನ್ ಬೇರ್ಪಡಿಸಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಕೆಲವು ವೈರಸ್‌ಗಳನ್ನು ಕೋಶಕ್ಕೆ ಅಂಟಲು ಬಿಡುವುದಿಲ್ಲ. ಆದರೆ ನುಂಗಿದಾಗ ಅಷ್ಟು ದೊಡ್ಡ ಅಣು ಕರುಳಿನ ಗೋಡೆ ದಾಟುವುದು ತೀರಾ ಕಡಿಮೆ. ತಟ್ಟೆಯ ಫಲಿತಾಂಶವನ್ನೇ ಮಾತ್ರೆಯ ಡಬ್ಬಿಯ ಮೇಲೆ ಅಚ್ಚು ಹಾಕುವುದು ವಿಜ್ಞಾನವಲ್ಲ, ವ್ಯಾಪಾರ.

ಆಲ್ಜಿನೇಟ್, ಫ್ಯೂಕಾಯ್ಡನ್‌ನಂಥ ನಾರುಗಳನ್ನು ಒಡೆಯುವ ಕಿಣ್ವಗಳು ನಮ್ಮಲ್ಲಿಲ್ಲ, ಆ ಕೆಲಸ ಕರುಳಿನ ಬ್ಯಾಕ್ಟೀರಿಯಾಗಳದು. ಅವೂ ಎಲ್ಲರಲ್ಲಿ ಒಂದೇ ಅಲ್ಲ. ನೋರಿ ಎಂಬ ಕೆಂಪು ಕಡಲಕಳೆಯಲ್ಲಿರುವ ಪಾರ್ಫಿರಾನ್ ಎಂಬ ನಾರನ್ನು ಒಡೆಯುವ ಜೀನ್‌ಗಳು ಸಮುದ್ರದ ಬ್ಯಾಕ್ಟೀರಿಯಾಗಳಿಂದ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಗಳಿಗೆ ದಾಟಿಬಂದಿವೆ ಎಂದು 2010ರಲ್ಲಿ ತಿಳಿದುಬಂತು. ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕದವರ ಮಾದರಿಗಳಲ್ಲಿ ಅವು ಕಾಣಲಿಲ್ಲ. ಅಂದರೆ ಒಬ್ಬರ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪಾರ್ಫಿರಾನ್ ಇನ್ನೊಬ್ಬರ ಕರುಳಿನಲ್ಲಿ ಒಡೆಯದೆಯೇ ಸಾಗಿಹೋಗಬಹುದು.