ದುಬೈ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡುವ ಮೊದಲು

ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಕಾಫಿ ಗೋದಾಮು ಸೇರುವ ಹೊತ್ತಿಗೆ ಚಿಕ್ಕಮಗಳೂರಿನ ನನ್ನ ಆಫೀಸಿಗೆ ಬೆಳೆಗಾರರು ಬರಲು ಶುರು. ಮೊದಲೆಲ್ಲ ಕೈಯಲ್ಲಿ ಕಾಫಿ ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಬಿಲ್ಲು, ಓಡಿ (ಓವರ್‌ಡ್ರಾಫ್ಟ್) ಖಾತೆಯ ಸ್ಟೇಟ್‌ಮೆಂಟು, ಪಹಣಿ ಇರುತ್ತಿದ್ದವು. ಈಚೆಗೆ ಅದರ ಜೊತೆ ನುಣುಪು ಹಾಳೆಯ ದಪ್ಪ ಬ್ರೋಷರ್ ಒಂದು ಸೇರಿಕೊಂಡಿದೆ. ಸಮುದ್ರದ ಕಡೆ ಬಾಲ್ಕನಿ, ಛಾವಣಿ ಮೇಲೆ ಈಜುಕೊಳ, ಕೆಳಗೆ ದಿರ್ಹಮ್‌ನಲ್ಲಿ ಬೆಲೆ.

ಆಲ್ದೂರು ಕಡೆಯ ದಂಪತಿಯೊಬ್ಬರು ಹಾಗೇ ಬಂದಿದ್ದರು. ಮಗಳು ದುಬೈನಲ್ಲಿ ಕೆಲಸದಲ್ಲಿದ್ದಾಳೆ. "ಆಡಿಟ್ರೇ, ಮನೆ ನೋಡಿ ಆಯ್ತು. ಬೆಂಗಳೂರಲ್ಲಿ ಹೋಟ್ಲಲ್ಲಿ ಪ್ರದರ್ಶನ ಇಟ್ಟಿದ್ರು, ಅಲ್ಲೇ ಕ್ರೆಡಿಟ್ ಕಾರ್ಡಲ್ಲಿ ಟೋಕನ್ ಕೊಟ್ವಿ. ಉಳಿದ ದುಡ್ಡು ಕಳ್ಸೋದು ಹೇಗೆ, ಅಷ್ಟು ಹೇಳಿ" ಎಂದರು ಯಜಮಾನರು. ಪಕ್ಕದ ತೋಟದ ಎರಡು ಎಕರೆ ಕೊಳ್ಳುವಾಗ ಇವರೇ ಆರು ತಿಂಗಳು ತೆಗೆದುಕೊಂಡಿದ್ದರು. ಹಳೇ ಇಸಿ (ಋಣಭಾರ ಪತ್ರ) ತೆಗೆಸಿದರು, ಪೋಡಿ ಆಗಿದೆಯೋ ಎಂದು ಸರ್ವೆ ಆಫೀಸಿಗೆ ಓಡಾಡಿದರು, ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿದ ಮೇಲೇ ದುಡ್ಡು ಬಿಚ್ಚಿದ್ದು. ಅದೇ ಮನುಷ್ಯ ಏಳು ಕೋಟಿಯ ಮನೆಗೆ ಒಂದೇ ಮಧ್ಯಾಹ್ನದಲ್ಲಿ ಸಹಿ ಹಾಕಿ ಬಂದಿದ್ದರು. ಹೊರದೇಶದಲ್ಲಿ ಮನೆ ಕೊಳ್ಳಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದುಡ್ಡು ಯಾವ ದಾರಿಯಲ್ಲಿ ಹೋಗಬೇಕು, ಕ್ರಯಪತ್ರ ಯಾರ ಹೆಸರಲ್ಲಿ ಆಗಬೇಕು ಎಂಬ ಎರಡು ಮಾತು ಇಲ್ಲೇ, ಈ ಊರಲ್ಲೇ ತೀರ್ಮಾನವಾಗಲಿ, ಅಡ್ವಾನ್ಸ್ ಅದರ ನಂತರ.

ಟೋಕನ್ ವಿಷಯ ಮೊದಲು ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ, ಎಲ್ಲರೂ ಎಲ್‌ಆರ್‌ಎಸ್ ಎನ್ನುವುದು, ಇಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲು ಬಿಡುತ್ತದೆ. ಆದರೆ ಆಸ್ತಿ, ಷೇರಿನಂಥ ಬಂಡವಾಳದ ವ್ಯವಹಾರಕ್ಕೆ ಈ ಯೋಜನೆಯಡಿ ಬ್ಯಾಂಕು ಸಾಲ ಕೊಡುವಂತಿಲ್ಲ. ಕ್ರೆಡಿಟ್ ಕಾರ್ಡ್ ಎಂದರೆ ಸಾಲವೇ. ತೋಟ ಅಡವಿಟ್ಟು ತೆಗೆದ ಓಡಿಯೂ ಸಾಲವೇ. ನಿಮ್ಮ ಖಾತೆಯಲ್ಲಿ ನಿಮ್ಮದೇ ದುಡ್ಡಿರಬೇಕು, ಅದು ಎಲ್ಲಿಂದ ಬಂತು ಎನ್ನಲು ಬಿಲ್ಲಿರಬೇಕು. ಆ ದಂಪತಿ ಟೋಕನ್ ವಾಪಸ್ ತರಿಸಿಕೊಂಡು ಬ್ಯಾಂಕಿನ ಮೂಲಕ ಹೊಸದಾಗಿ ಕಳಿಸಬೇಕಾಯಿತು. ಅಷ್ಟಕ್ಕೇ ಎರಡೂವರೆ ತಿಂಗಳು ಹೋಯಿತು, ಮನೆಯವರ ನಿದ್ದೆಯೂ ಹೋಯಿತು.

ಇನ್ನು ಲೆಕ್ಕ. ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಅಲ್ಲಿನ ಸರ್ಕಾರವೇ ಕಟ್ಟಿಹಾಕಿರುವುದರಿಂದ ಒಬ್ಬರ ವರ್ಷದ ಮಿತಿ ಸುಮಾರು 9.18 ಲಕ್ಷ ದಿರ್ಹಮ್. ಇವರು ನೋಡಿದ್ದು 30 ಲಕ್ಷ ದಿರ್ಹಮ್ ಮನೆ. ದುಬೈ ಭೂ ಇಲಾಖೆಯ ನೋಂದಣಿ ಶುಲ್ಕ ಶೇ 4 ಸೇರಿದರೆ 31.2 ಲಕ್ಷ. ಅಂದರೆ ಎಂಟೂವರೆ ಲಕ್ಷ ಡಾಲರ್ ಹತ್ತಿರ. ಗಂಡ ಹೆಂಡತಿ ಇಬ್ಬರ ಮಿತಿ ಸೇರಿದರೂ ವರ್ಷಕ್ಕೆ 5 ಲಕ್ಷ ಡಾಲರ್ ಅಷ್ಟೇ. ಈ ಮಿತಿ ಏಪ್ರಿಲ್ 1ಕ್ಕೆ ಹೊಸದಾಗುತ್ತದೆ. ಕಾಫಿ ದುಡ್ಡು ಕೈಗೆ ಬರುವ ಕಾಲವೂ ಅದೇ ಆದ್ದರಿಂದ ಮಾರ್ಚ್ ಕೊನೆಯಲ್ಲಿ ಒಂದು ಕಂತು, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಕಳಿಸಿದರೆ ಇಬ್ಬರಿಂದಲೇ ಮನೆ ಮುಗಿಯುತ್ತದೆ. ಇದು ಪೂರಾ ಕಾನೂನುಬದ್ಧ. ಆದರೆ ಮಗನ ಲಂಡನ್ ಫೀಸು, ವಿದೇಶಿ ಷೇರಿಗೆ ಹಾಕಿದ್ದು ಎಲ್ಲವೂ ಕಳಿಸಿದವರ ಅದೇ ಮಿತಿಯಲ್ಲಿ ಕಳೆಯುತ್ತದೆ, ಅದನ್ನು ಮರೆಯಬೇಡಿ. ಯಾರ ಮಿತಿ ಬಳಸುತ್ತೀರೋ ಅವರ ಹೆಸರು ಕ್ರಯಪತ್ರದಲ್ಲೂ ಇರಲಿ. ಕಳಿಸಿದ ದುಡ್ಡನ್ನು ಅಲ್ಲಿ ಸುಮ್ಮನೆ ಇಟ್ಟುಕೊಳ್ಳುವಂತೆಯೂ ಇಲ್ಲ, 180 ದಿನದೊಳಗೆ ಬಳಸಬೇಕು, ಇಲ್ಲ ವಾಪಸ್ ತರಬೇಕು.

ನಮ್ಮ ಜಿಲ್ಲೆಯ ಬೆಳೆಗಾರರಿಗೆ ನಿಜವಾಗಿ ಏಟು ಬೀಳುವುದು ಟಿಸಿಎಸ್‌ನಲ್ಲಿ, ಅಂದರೆ ಮೂಲದಲ್ಲೇ ವಸೂಲಾಗುವ ತೆರಿಗೆಯಲ್ಲಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಿನ ರವಾನೆಗೆ ಬ್ಯಾಂಕು ಶೇ 20 ತೆರಿಗೆ ಮೊದಲೇ ವಸೂಲು ಮಾಡುತ್ತದೆ. ಒಬ್ಬರು 2 ಕೋಟಿ ಕಳಿಸಿದರೆ 38 ಲಕ್ಷ ಟಿಸಿಎಸ್. ಅಂದರೆ ಖಾತೆಯಲ್ಲಿ 2 ಕೋಟಿ 38 ಲಕ್ಷ ಇರಬೇಕು. ಇದು ಹೋದ ದುಡ್ಡಲ್ಲ, ರಿಟರ್ನ್‌ನಲ್ಲಿ ನಿಮ್ಮ ತೆರಿಗೆಗೆ ಜಮಾ ಆಗುತ್ತದೆ. ಬೆಂಗಳೂರಿನ ಕಂಪನಿ ನೌಕರನಿಗೆ ಹೇಗೂ ತೆರಿಗೆ ಕಟ್ಟಲಿಕ್ಕಿರುತ್ತದೆ, ಅದರಲ್ಲಿ ಮುರಿದುಕೊಳ್ಳುತ್ತಾನೆ. ಬೆಳೆಗಾರರದ್ದು ಹಾಗಲ್ಲ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ 25ಕ್ಕೆ ಮಾತ್ರ ಆದಾಯ ತೆರಿಗೆ, ಉಳಿದ ಶೇ 75 ಕೃಷಿ ಆದಾಯ. ಮುರಿದುಕೊಳ್ಳಲು ತೆರಿಗೆಯೇ ಸಾಲದು. ಹಾಗಾಗಿ 38 ಲಕ್ಷದಲ್ಲಿ ಬಹುಪಾಲು ರೀಫಂಡ್ ಬರುವ ತನಕ ಸರ್ಕಾರದ ಹತ್ತಿರ ಕೂತಿರುತ್ತದೆ. ಮಾರ್ಚ್‌ನಲ್ಲಿ ಕಳಿಸಿದ್ದರ ಟಿಸಿಎಸ್ಸನ್ನು ಅದೇ ವರ್ಷದ ರಿಟರ್ನ್‌ನಲ್ಲಿ ಕೇಳಬಹುದು. ಏಪ್ರಿಲ್‌ನಲ್ಲಿ ಕಳಿಸಿದ್ದಕ್ಕೆ ಮುಂದಿನ ವರ್ಷದ ತನಕ ಕಾಯಬೇಕು. ಗೊಬ್ಬರ, ಕಪಾತು, ಆಳಿನ ಸಂಬಳಕ್ಕೆ ಇಟ್ಟ ದುಡ್ಡು ಇದರಲ್ಲಿ ಸಿಕ್ಕಿಹಾಕಿಕೊಂಡರೆ ತೋಟ ಬಡವಾಗುತ್ತದೆ. ಅದಕ್ಕೇ ಮಳೆಗಾಲದ ಖರ್ಚು ಬೇರೆ ಖಾತೆಯಲ್ಲಿ ತೆಗೆದಿಟ್ಟು ತೋರಿಸಿ, ಆಮೇಲೆ ಮನೆ ಮಾತು ಎನ್ನುತ್ತೇನೆ.

ಹೊರದೇಶಕ್ಕೆ ದುಡ್ಡು ಕಳಿಸಲು ತುಂಬುವ ಬ್ಯಾಂಕಿನ ಎ2 ಫಾರಂನಲ್ಲಿ ಉದ್ದೇಶದ ಕೋಡ್ ಬರೆಯುವ ಒಂದು ಸಣ್ಣ ಜಾಗವಿದೆ. ಹೊರದೇಶದ ಸ್ಥಿರಾಸ್ತಿಗೆ ಎಸ್0005. ಒಂದು ಸಲ ನನ್ನ ಮುಂದೆಯೇ ಕೌಂಟರಿನವರು, ಮಗಳು ಅಲ್ಲೇ ಇದ್ದಾಳಲ್ಲ ಎಂದು, ಕುಟುಂಬ ನಿರ್ವಹಣೆಯ ಕೋಡ್ ತುಂಬುತ್ತಿದ್ದರು. ಪೆನ್ನು ಹಿಡಿದೇ ನಿಲ್ಲಿಸಿದೆ. ಮನೆ ಖರ್ಚಿಗೆಂದು ಹೋದ ದುಡ್ಡು ಮನೆಯಾಗಿ ನಿಂತರೆ, ಐದು ವರ್ಷದ ನಂತರ ಅದನ್ನು ಮಾರಿ ದುಡ್ಡು ವಾಪಸ್ ತರುವಾಗ ಕಾಗದಕ್ಕೆ ಕಾಗದ ಕೂಡುವುದಿಲ್ಲ. ದುಡ್ಡು ಸೇರುವ ಖಾತೆಯ ಹೆಸರನ್ನೂ ಓದಿ. ಕಟ್ಟುತ್ತಿರುವ ಕಟ್ಟಡವಾದರೆ, ದುಬೈನ 2007ರ ಕಾನೂನಿನ ಪ್ರಕಾರ ಆ ಯೋಜನೆಗೇ ಮೀಸಲಾದ ಎಸ್ಕ್ರೋ ಖಾತೆಗೆ ಹೋಗಬೇಕು, ಏಜೆಂಟರ ಖಾತೆಗಲ್ಲ.

ಹವಾಲಾ ಮಾತು ಎತ್ತುವವರಿಗೆ ನಾನು ಹೇಳುವುದು ಒಂದೇ. ವಿದೇಶಿ ವಿನಿಮಯ ನಿರ್ವಹಣೆಯ ಫೆಮಾ ಕಾನೂನಿಗೆ 2015ರಲ್ಲಿ ಸೇರಿದ 37ಎ ಕಲಂ ಪ್ರಕಾರ, ಕಾನೂನು ಮೀರಿ ಹೊರದೇಶದಲ್ಲಿ ಆಸ್ತಿ ಇಟ್ಟ ಶಂಕೆ ಬಂದರೆ ಅದೇ ಬೆಲೆಯ ಆಸ್ತಿಯನ್ನು ಇಲ್ಲಿ ಜಪ್ತಿ ಮಾಡಬಹುದು. ಅಲ್ಲಿನ ಫ್ಲ್ಯಾಟಿಗೆ ಇಲ್ಲಿನ ಅಜ್ಜನ ಕಾಲದ ತೋಟ ಹೊಣೆಯಾಗುತ್ತದೆ.

ಕೊಂಡ ಮೇಲೆ ಪ್ರತಿ ವರ್ಷ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಆ ಮನೆ ಬರೆಯಲೇಬೇಕು, ಬಾಡಿಗೆ ಬರಲಿ ಬಿಡಲಿ, ಇಲ್ಲಿ ತೆರಿಗೆ ಇರಲಿ ಬಿಡಲಿ. ಬರೆಯದಿದ್ದರೆ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಈ ದಂಡದ ವಿನಾಯಿತಿ ಸಿಕ್ಕಿತು, ಆದರೆ ಸ್ಥಿರಾಸ್ತಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ದುಬೈನಲ್ಲಿ ಬಾಡಿಗೆಗೆ ಆದಾಯ ತೆರಿಗೆ ಇಲ್ಲ ಎಂದು ಮಾರುವವರು ಹೇಳುವುದು ನಿಜ. ಇಲ್ಲಿನ ನಿವಾಸಿಗೆ ಆ ಬಾಡಿಗೆ ಇಲ್ಲಿ ತೆರಿಗೆಗೆ ಬರುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಬೆಂಗಳೂರಿನ ಮನೆ ಮಾರಿದ ಲಾಭಕ್ಕೆ ಅಲ್ಲಿ ಮನೆ ಕೊಂಡು ವಿನಾಯಿತಿ ಪಡೆಯುವುದೂ ಈಗಿಲ್ಲ. ಹೊಸ ಮನೆ ಭಾರತದಲ್ಲೇ ಇರಬೇಕು ಎಂದು 2014ರ ಬಜೆಟ್‌ನಲ್ಲೇ ತಿದ್ದಿದರು.

ಬೇರೆ ದೇಶ ನೋಡುವವರಿಗೆ ಎರಡು ಮಾತು. ಸಿಂಗಪುರದಲ್ಲಿ ಹೊರದೇಶದವರಿಗೆ ಹೆಚ್ಚುವರಿ ಮುದ್ರಾಂಕವೇ ಶೇ 60. ಕೆನಡಾ 2023ರಿಂದ ಹೊರಗಿನವರಿಗೆ ಬಹುಪಾಲು ಬಾಗಿಲು ಮುಚ್ಚಿದೆ. ಮನೆ ಕೊಂಡು ವೀಸಾ ಪಡೆಯುವ ದಾರಿಯನ್ನು ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ನಿಲ್ಲಿಸಿದವು. ಹಳೇ ಬ್ರೋಷರ್ ನಂಬಬೇಡಿ. ಇಂಗ್ಲೆಂಡಿನಲ್ಲಿ ಈಗಾಗಲೇ ಮನೆಯಿರುವ ಹೊರದೇಶದವರು 15 ಲಕ್ಷ ಪೌಂಡ್ ಮೇಲಿನ ಭಾಗಕ್ಕೆ ಕಟ್ಟಬೇಕಾದ ಮುದ್ರಾಂಕ ಶೇ 19. ಇಲ್ಲಿ ಊರಲ್ಲಿರುವ ಮನೆಯೂ ಆ ಲೆಕ್ಕಕ್ಕೆ ಸೇರುತ್ತದೆ.

ಅಮೆರಿಕದ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಹಾಸನ, ಸಕಲೇಶಪುರದ ಎಷ್ಟೋ ಮನೆಗಳಲ್ಲಿ ಮಕ್ಕಳು ಅಲ್ಲಿದ್ದಾರೆ. ಅಪ್ಪ ಪ್ರೀತಿಯಿಂದ ತನ್ನ ಹೆಸರಲ್ಲೇ ಮನೆ ಕೊಳ್ಳುತ್ತಾನೆ. ಅಲ್ಲಿ ನೆಲೆಸಿರದ ಪರದೇಶಿ ಸತ್ತಾಗ ಅವನ ಅಮೆರಿಕದ ಆಸ್ತಿಯಲ್ಲಿ 60,000 ಡಾಲರ್‌ಗೆ ಮಾತ್ರ ವಿನಾಯಿತಿ, ಅದರ ಮೇಲೆ ಶೇ 40ರವರೆಗೆ ಮರಣೋತ್ತರ ತೆರಿಗೆ. ನಮ್ಮ ದೇಶದಲ್ಲಿ 1985ರಲ್ಲೇ ಇಂಥ ತೆರಿಗೆ ತೆಗೆದುಹಾಕಿದ್ದರಿಂದ ನಮ್ಮವರಿಗೆ ಅದರ ಯೋಚನೆಯೇ ಬರುವುದಿಲ್ಲ. ಹತ್ತು ಲಕ್ಷ ಡಾಲರಿನ ಮನೆ ಬಿಟ್ಟುಹೋದರೆ ಮಕ್ಕಳು ಸುಮಾರು 3.3 ಲಕ್ಷ ಡಾಲರ್ ಹೊಂದಿಸಬೇಕಾದೀತು. ಮಗನಿಗೇ ದುಡ್ಡನ್ನು ಉಡುಗೊರೆಯಾಗಿ ಕಳಿಸಿ ಅವನ ಹೆಸರಲ್ಲಿ ಕೊಳ್ಳುವುದು ಎಷ್ಟೋ ಸಲ ವಾಸಿ. ಅದೂ ನಿಮ್ಮ 2.5 ಲಕ್ಷದ ಮಿತಿಯೊಳಗೇ.

ಆಲ್ದೂರಿನ ದಂಪತಿ ಎರಡನೇ ಸಲ ಬಂದಾಗ ಯಜಮಾನರು ಕಂತಿನ ಲೆಕ್ಕ ಹಾಕುತ್ತಿದ್ದರು. ಅಲ್ಲಿತನಕ ಸುಮ್ಮನಿದ್ದ ಅವರ ಹೆಂಡತಿ ಕೇಳಿದರು: "ಸಾರ್, ನಾವಿಬ್ರೂ ಹೋದ್ಮೇಲೆ ಇದು ಮಕ್ಕಳಿಗೆ ಹೇಗೆ ಬರುತ್ತೆ? ಮಗ ಇಲ್ಲಿ ತೋಟದಲ್ಲಿದಾನೆ, ಮಗಳು ಅಲ್ಲಿ." ಅದುವರೆಗೆ ಯಾರೂ ಕೇಳಿರಲಿಲ್ಲ, ಮಾರಿದವರಂತೂ ಹೇಳಿರಲಿಲ್ಲ. ಇಲ್ಲಿ ಬರೆದ ವಿಲ್ ಹಿಡಿದು ಅಲ್ಲಿನ ಕಚೇರಿಗೆ ಹೋದರೆ ಅನುವಾದ, ದೃಢೀಕರಣ, ಕೋರ್ಟು ಎಂದು ಅಲೆಯಬೇಕು. ಮುಸ್ಲಿಮರಲ್ಲದವರಿಗೆ 2015ರಿಂದ ದುಬೈನ ಡಿಐಎಫ್‌ಸಿಯಲ್ಲಿ (ಅಲ್ಲಿನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ವಿಲ್ ನೋಂದಾಯಿಸುವ ವ್ಯವಸ್ಥೆ ಇದೆ. ಅಲ್ಲಿನ ಮನೆಗೆ ಅಲ್ಲೊಂದು, ತೋಟಕ್ಕೆ ಇಲ್ಲೊಂದು ವಿಲ್ ಮಾಡಿ, ಒಂದು ಇನ್ನೊಂದನ್ನು ರದ್ದು ಮಾಡದಂತೆ ಎರಡರಲ್ಲೂ ಒಂದು ಸಾಲು ಬರೆಸಿ ಎಂದೆ.

ಆ ಸಂಜೆಯೇ ಆ ತಾಯಿ ನನ್ನ ಮೇಜಿನಿಂದ ಮಗಳಿಗೂ ಮಗನಿಗೂ ಒಟ್ಟಿಗೆ ವಿಡಿಯೊ ಕಾಲ್ ಮಾಡಿದರು. ಯಾವ ಮನೆ ಯಾರಿಗೆ, ತೋಟದ ಲೆಕ್ಕ ಹೇಗೆ ಎಂದು ಎಲ್ಲರ ಎದುರು ಮಾತಾಡಿ ಮುಗಿಯುವಾಗ ಎಂಟು ಗಂಟೆ. ಮಾರ್ಚ್ ಕೊನೆಯ ವಾರ ಇಬ್ಬರ ಹೆಸರಲ್ಲೂ ಮೊದಲ ಎ2 ಫಾರಂ ತುಂಬಿದೆವು.